ತರಿ ಎಂದರೆ ಏನು?

(ನಂಜನಗೂಡಿನಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತಿನ ವಿಷಯ ಕೇಳಿ ಕೆಲವರು ನಕ್ಕರೆಂಬುದು ನಮಗೆ ಗೊತ್ತು. ಬೋನಸ್ಸಿನ ಮಾತಲ್ಲ, ಅಂಗಡಿ ಬಾಡಿಗೆಯ ಮಾತಲ್ಲ, ತೂಕದ ಮಾತಲ್ಲ. ಹೊಳೆಯ ಬದಿಯ ತಗ್ಗು ನೆಲಕ್ಕೆ ಏನೆಂದು ಹೆಸರು ಎಂಬ ಮಾತು. ಮೇಷ್ಟರ ಕೆಲಸ ಬಿಟ್ಟರೂ ಮೇಷ್ಟರ ಬುದ್ಧಿ ಬಿಡಲಿಲ್ಲವಲ್ಲ ಎಂದು ನೀವು ಅಂದುಕೊಂಡರೆ ತಪ್ಪೇನೂ ಇಲ್ಲ. ಆದರೆ ಸ್ವಲ್ಪ ಸಹನೆಯಿಂದ ಕೇಳಿ. ಈ ಹೆಸರಿನ ಹಿಂದೆ ಅನ್ನವಿದೆ, ಮನೆಯಿದೆ, ದುಡ್ಡಿದೆ. ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬ ಹಳೆಯ ಜಗಳವೂ ಇದೆ.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳ ಒಂದು ಪ್ರಸಂಗ ಹೇಳುತ್ತೇವೆ. ನಾಲ್ಕನೆಯ ತರಗತಿ. ಭೂಮಿಯಲ್ಲಿ ಎಷ್ಟು ವಿಧ ಎಂದು ಪಾಠ. ಖುಷ್ಕಿ, ತರಿ, ಬಾಗಾಯ್ತು ಎಂದು ಹಲಗೆಯ ಮೇಲೆ ಬರೆದೆವು. ತರಿ ಎಂದರೇನು ಎಂದು ಕೇಳಿದಾಗ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತು, "ಅಕ್ಕಿ ತರಿ ಸಾ, ಉಪ್ಪಿಟ್ಟು ಮಾಡ್ತಾರೆ" ಎಂದ. ಎಲ್ಲರೂ ನಕ್ಕರು, ನಾವೂ ನಕ್ಕೆವು. ನೀರು ನಿಲ್ಲುವ ನೆಲ, ಭತ್ತ ಬೆಳೆಯುವ ನೆಲ ಎಂದು ವಿವರಿಸಿ, "ಹೊಳೆ ಹತ್ತಿರ ನಿಮ್ಮ ಗದ್ದೆ ಇದೆಯಲ್ಲ, ಅದೇ ತರಿ" ಎಂದೆವು. ಹುಡುಗ ತಲೆ ತಗ್ಗಿಸಿ ಹೇಳಿದ: "ಅದು ನಮ್ಮ ಗದ್ದೆ ಅಲ್ಲ ಸಾ. ನಾವು ಮಾಡೋ ಗದ್ದೆ."

ಆ ದಿನ ಪಾಠ ಹೇಳಿದವನು ಆ ಹುಡುಗ, ಕಲಿತವರು ನಾವು. ನಮ್ಮ ಗದ್ದೆ ಎಂಬುದು ಬೇರೆ, ನಾವು ಮಾಡುವ ಗದ್ದೆ ಎಂಬುದು ಬೇರೆ. ಈ ಎರಡು ಮಾತಿನ ನಡುವೆ ಇರುವ ದೂರವನ್ನು ಅಳೆಯುವುದಕ್ಕೇ ಈ ಭಾಷಣ.

ಮೊದಲು ಹೆಸರಿನ ವಿಚಾರ. ನಮ್ಮ ರೈತ ಆ ನೆಲವನ್ನು ಗದ್ದೆ ಎನ್ನುತ್ತಾನೆ. ಗದ್ದೆಗಳೆಲ್ಲ ಒಟ್ಟಾಗಿ ಹರಡಿದ್ದರೆ ಬಯಲು ಎನ್ನುತ್ತಾನೆ. ಗದ್ದೆ ಎಂಬುದು ನಿನ್ನೆ ಮೊನ್ನೆಯ ಮಾತಲ್ಲ. ಹಳೆಯ ಶಾಸನಗಳಲ್ಲಿ ಗೞ್ದೆ ಎಂದೂ ಬೆದ್ದಲೆ ಎಂದೂ ಜೋಡಿಯಾಗಿ ಬರುತ್ತವೆ. ಒಂದು ನೀರಿನ ನೆಲ, ಇನ್ನೊಂದು ಮಳೆಯನ್ನೇ ನಂಬಿದ ಒಣ ನೆಲ. ರಾಜ ದಾನ ಕೊಟ್ಟಾಗ ಇಷ್ಟು ಗೞ್ದೆ, ಇಷ್ಟು ಬೆದ್ದಲೆ ಎಂದು ಕಲ್ಲಿನಲ್ಲಿ ಕೆತ್ತಿಸಿದ. ಅದನ್ನು ಉತ್ತವರ ಹೆಸರನ್ನು ಕೆತ್ತಿಸಿದ ಕಲ್ಲು ಅಪರೂಪ.

ತರಿ ಎಂಬುದು ನಮ್ಮ ಒಕ್ಕಲಿನ ಮಾತಲ್ಲ, ಕಚೇರಿಯ ಮಾತು. ಅದು ಫಾರಸಿಯಿಂದ ಬಂದದ್ದು. ತರ್ ಎಂದರೆ ಒದ್ದೆ, ಖುಷ್ಕ್ ಎಂದರೆ ಒಣ, ಬಾಗ್ ಎಂದರೆ ತೋಟ. ಕಂದಾಯದ ಲೆಕ್ಕ ಬರೆಯುವವರ ಜೊತೆಯಲ್ಲಿ ಬಂದ ಮಾತುಗಳು ಲೆಕ್ಕದ ಪುಸ್ತಕದಲ್ಲೇ ಉಳಿದುಕೊಂಡವು. ಇಲ್ಲಿಂದ ಸ್ವಲ್ಪ ದೂರದ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಕಡೆಯ ಕಂದಾಯದ ಮಾತು ನಂಜೆ, ಪುಂಜೆ. ತಮಿಳಿನಲ್ಲಿ ಅದಕ್ಕೆ ಒಳ್ಳೆಯ ಹೊಲ, ಕೀಳು ಹೊಲ ಎಂದರ್ಥ. ಈ ನಂಜೆಯಿಂದಲೇ ನಂಜನಗೂಡು ಬಂತೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಊರಿನ ಹೆಸರು ನಂಜುಂಡನದು, ವಿಷ ಉಂಡವನದು. ಇದು ಚಿಕ್ಕ ಮಕ್ಕಳಿಗೂ ಗೊತ್ತು.

ಕರಾವಳಿಗೆ ಹೋಗಿ ನೋಡಿ. ಅಲ್ಲಿ ಒಂದೇ ಇಳಿಜಾರನ್ನು ಮೂರಾಗಿ ಎಣಿಸುತ್ತಾರೆ: ಎಲ್ಲಕ್ಕಿಂತ ತಗ್ಗಿನದು ಬೈಲು, ನಡುವಿನದು ಮಜಲು, ಮೇಲಿನದು ಬೆಟ್ಟು. ಬೈಲಿನಲ್ಲಿ ನೀರಿನ ಆಸರೆ ಇದ್ದರೆ ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ. ಬೆಟ್ಟಿಗೆ ಮಳೆಯೇ ಗತಿ. ಉತ್ತರ ಕನ್ನಡದ ಅಘನಾಶಿನಿಯ ಬಾಯಲ್ಲಿ ಉಪ್ಪುನೀರು ಏರಿ ಇಳಿಯುವ ತಗ್ಗಿಗೆ ಗಜನಿ ಎನ್ನುತ್ತಾರೆ. ಆ ಉಪ್ಪನ್ನು ತಾಳುವ ಕಗ್ಗ ಎಂಬ ಭತ್ತವನ್ನು ಅಲ್ಲಿಯ ರೈತರೇ ಉಳಿಸಿಕೊಂಡು ಬಂದರು. ಗಂಗಾ ನದಿಯ ಬಯಲಿನಲ್ಲಿ ಪ್ರವಾಹ ಮುಟ್ಟುವ ಹೊಸ ಮಣ್ಣಿಗೆ ಖಾದರ್ ಎಂದೂ ಪ್ರವಾಹ ಮುಟ್ಟದ ಹಳೆಯ ದಿಣ್ಣೆಗೆ ಬಾಂಗರ್ ಎಂದೂ ಹೆಸರು. ಈಜಿಪ್ಟಿನ ಪುರಾತನ ಜನ ನೈಲ್ ನದಿಯ ಬದಿಯ ನೆಲವನ್ನು ಕಪ್ಪು ನೆಲ ಎಂದರು, ಮರಳುಗಾಡನ್ನು ಕೆಂಪು ನೆಲ ಎಂದರು. ತಮ್ಮ ದೇಶಕ್ಕೇ ಕಪ್ಪು ನೆಲ ಎಂದು ಹೆಸರಿಟ್ಟರು. ಹೊಳೆ ಹರಿದಲ್ಲೆಲ್ಲ ಜನ ಈ ನೆಲವನ್ನು ಬೇರೆಯಾಗಿ ಗುರುತಿಸಿ ಹೆಸರಿಟ್ಟಿದ್ದಾರೆ. ಹೊಟ್ಟೆ ತುಂಬಿಸಿದ ನೆಲ ಅದು.

ಅದು ಏಕೆ ಅಷ್ಟು ಫಲವತ್ತು? ನಮ್ಮ ಕಪಿಲೆಯನ್ನೇ ನೋಡಿ. ಕಾಗದದಲ್ಲಿ ಕಬಿನಿ, ನಮ್ಮ ಬಾಯಲ್ಲಿ ಕಪಿಲೆ. ವೈನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆ ತಾಲ್ಲೂಕನ್ನು ಹಾದು, ನಂಜನಗೂಡನ್ನು ಬಳಸಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಬೆಟ್ಟದಲ್ಲಿ ರಭಸವಾಗಿ ಹರಿಯುವಾಗ ಕಲ್ಲು, ಮರಳು, ಎಲೆಗೊಬ್ಬರ, ನುಣುಪು ಮಣ್ಣು ಎಲ್ಲವನ್ನೂ ಹೊತ್ತು ತರುತ್ತದೆ. ಬಯಲಿಗೆ ಬಂದಾಗ ಹೊಳೆಯ ಓಟ ನಿಧಾನವಾಗುತ್ತದೆ. ಓಟ ನಿಧಾನವಾದರೆ ಹೊರೆ ಹೊರುವ ಶಕ್ತಿ ಕುಗ್ಗುತ್ತದೆ. ದಪ್ಪ ಮರಳು ದಡದ ಹತ್ತಿರವೇ ಬೀಳುತ್ತದೆ. ನುಣುಪು ಗೋಡು ನೀರಿನ ಜೊತೆ ಒಳಕ್ಕೆ ಹೋಗಿ ತಗ್ಗಿನಲ್ಲಿ ನಿಂತು ಮೆಲ್ಲಗೆ ಕೆಳಗಿಳಿಯುತ್ತದೆ. ಇದೇ ಮೆಕ್ಕಲು ಮಣ್ಣು. ಸಾವಿರಾರು ವರ್ಷ ಹೊಳೆ ಕೂಲಿ ಕೇಳದೆ ಮಾಡಿದ ಕೆಲಸ ಅದು.

ಆ ಕೆಲಸದ ಬೆಲೆ ನಮ್ಮ ಹಿಂದಿನವರಿಗೆ ತಿಳಿದಿತ್ತು. 1959ರಿಂದ ಮುಂದೆ ನರಸೀಪುರದಲ್ಲಿ ನೆಲ ಅಗೆದಾಗ ನವಶಿಲಾಯುಗದ ಜನರ ನೆಲೆ ಸಿಕ್ಕಿತು. ಲೋಹದ ಬಳಕೆ ಬೆಳೆಯುವ ಮೊದಲೇ, ಕಲ್ಲಿನ ಕೊಡಲಿ ಹಿಡಿದ ಜನ, ಈ ಸಂಗಮದ ದಡವನ್ನೇ ಆರಿಸಿ ಕೂತರು. ಆಮೇಲೆ ಹುಲ್ಲಹಳ್ಳಿಯಲ್ಲಿ, ರಾಂಪುರದಲ್ಲಿ ಕಪಿಲೆಗೆ ಅಣೆ ಕಟ್ಟಿ ನಾಲೆ ತೆಗೆದರು. ತಲಕಾಡಿನ ಕಡೆ ಕಾವೇರಿಗೆ ಮಾಧವಮಂತ್ರಿ ಅಣೆ ಕಟ್ಟಿದರು. ಆ ತಲಕಾಡೇ ಮರಳಿನಲ್ಲಿ ಹೂತುಹೋಯಿತು. ಅಲಮೇಲಮ್ಮನ ಶಾಪದ ಕಥೆ ನಿಮಗೆಲ್ಲ ಗೊತ್ತು. ಆದರೆ ಅಣೆ ಕಟ್ಟಿದ ಮೇಲೆ ಹೊಳೆಯ ಓಟ ಬದಲಾಗಿ ಮರಳು ಬಯಲಾಯಿತು, ಗಾಳಿ ಅದನ್ನು ಊರಿನ ಮೇಲೆ ಹೊತ್ತು ಹಾಕಿತು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಶಾಪವೋ ಅಣೆಯೋ, ಹೊಳೆಯ ಲೆಕ್ಕ ತಪ್ಪಿದರೆ ರಾಜಧಾನಿಯೂ ಉಳಿಯುವುದಿಲ್ಲ ಎಂಬುದು ಮಾತ್ರ ನಮ್ಮ ಕಣ್ಣ ಮುಂದೆಯೇ ಇದೆ.

ನಮ್ಮ ಊರಿನ ರಸಬಾಳೆಯನ್ನು ಮರೆತರೆ ವರ್ತಕ ಮಿತ್ರರು ನಮ್ಮನ್ನು ಕೆಳಗಿಳಿಸುತ್ತಾರೆ. ಕಪಿಲೆಯ ಬದಿಯ ಕಪ್ಪು ಜೇಡಿ ಮಣ್ಣು, ಈ ನೀರು, ಈ ಹವೆ ಮೂರೂ ಸೇರಿ ಆ ಹಣ್ಣಿಗೆ ಆ ರುಚಿ, ಆ ಪರಿಮಳ. ಅದಕ್ಕೆ ಭೌಗೋಳಿಕ ಗುರುತು ಎಂಬ ಸರ್ಕಾರಿ ಮುದ್ರೆಯೂ ಸಿಕ್ಕಿತು. ಆದರೆ ಮುದ್ರೆ ಬರುವ ವೇಳೆಗೆ ಬಾಳೆಯೇ ಹೋಗುತ್ತಿತ್ತು. ಪನಾಮಾ ಸೊರಗು ರೋಗ ಮಣ್ಣಿಗೆ ಹೊಕ್ಕಿತು. ಆ ರೋಗದ ಬೀಜ ಒಮ್ಮೆ ನೆಲದಲ್ಲಿ ಸೇರಿದರೆ ಹತ್ತಾರು ವರ್ಷ ಅಲ್ಲೇ ಕಾದು ಕೂರುತ್ತದೆ. ದೇವರಸನಹಳ್ಳಿಯ ಸುತ್ತ ತೋಟ ತೋಟವಾಗಿದ್ದದ್ದು ಕೆಲವು ಎಕರೆಗೆ ಇಳಿಯಿತು. ನಂಜನಗೂಡು ರಸಬಾಳೆ ಎಂಬ ಹೆಸರು ಸಂತೆಯಲ್ಲಿ ಇದೆ. ಬುಟ್ಟಿಯೊಳಗೆ ಅದೇ ಹಣ್ಣು ಇದೆಯೇ ಎಂದು ಮಾರುವವರಾದ ನೀವೇ ಹೇಳಬೇಕು. ಹೆಸರು ಉಳಿದು ವಸ್ತು ಹೋಗುವುದು ಹೀಗೆ. ನೆಲಕ್ಕೂ ಇದೇ ಗತಿ ಬರಬಾರದು.

ಈಗ ಕಾನೂನಿಗೆ ಬರೋಣ. ಭಾಷಣದ ಗಟ್ಟಿ ಭಾಗ ಇದು, ನಿದ್ದೆ ಮಾಡಬೇಡಿ.

ಕಚೇರಿಗೆ ಈ ನೆಲ ಯಾವತ್ತೂ ಹೆಚ್ಚು ಕಂದಾಯದ ನೆಲ. ಮಣ್ಣನ್ನು ಆಣೆಯಲ್ಲಿ ಅಳೆದರು. ಹದಿನಾರಾಣೆ ಮಣ್ಣು ಎಂದರೆ ಅತ್ಯುತ್ತಮ. ರೂಪಾಯಿಯ ಆಣೆ ಹೋದರೂ ಮಣ್ಣಿನ ಆಣೆ ಕಾನೂನಿನಲ್ಲಿ ಉಳಿಯಿತು. 1961ರ ಭೂಸುಧಾರಣೆ ಕಾಯಿದೆಗೆ 1974ರಲ್ಲಿ ದೇವರಾಜ ಅರಸರ ಸರ್ಕಾರ ದೊಡ್ಡ ತಿದ್ದುಪಡಿ ತಂದಿತು. ಗೇಣಿದಾರರು ಮಾಡುತ್ತಿದ್ದ ಭೂಮಿ 1974ನೆಯ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿತು. ಅರ್ಜಿ ಹಾಕಿ ರುಜುವಾತು ಮಾಡಿದ ಗೇಣಿದಾರನಿಗೆ ಒಡೆತನ ಬಂತು. ಒಂದು ಕುಟುಂಬಕ್ಕೆ ಹತ್ತು ಯೂನಿಟ್ಟು ಮಿತಿ. ಸರ್ಕಾರಿ ನಾಲೆಯಲ್ಲಿ ವರ್ಷಕ್ಕೆ ಎರಡು ಭತ್ತದ ಬೆಳೆ ಅಥವಾ ಒಂದು ಕಬ್ಬಿನ ಬೆಳೆಗೆ ಸಾಕಾಗುವಷ್ಟು ನೀರು ಸಿಗುವ ಉತ್ತಮ ಮಣ್ಣಾದರೆ ಹತ್ತು ಎಕರೆ. ಬರೀ ಮಳೆಯ ನೆಲವಾದರೆ 54 ಎಕರೆ. ಅಂದರೆ ಕಾನೂನಿನ ಕಣ್ಣಿನಲ್ಲೇ ಒಂದು ಎಕರೆ ಗದ್ದೆ ಐದೂವರೆ ಎಕರೆ ಒಣ ಹೊಲಕ್ಕೆ ಹತ್ತಿರ ಹತ್ತಿರ ಸಮ. ಹಾಗಿದ್ದಾಗ ಕಾಗದದಲ್ಲಿ ತರಿಯನ್ನು ಖುಷ್ಕಿ ಎಂದು ಬರೆಸಿಕೊಂಡವನಿಗೆ ಎಷ್ಟು ಲಾಭ ಎಂದು ನಿಮ್ಮ ಅಂಗಡಿ ಲೆಕ್ಕದಲ್ಲಿ ಹಾಕಿ ನೋಡಿ. ಒಂದು ಪದ ತಿದ್ದಿದರೆ ಒಂದು ಹೊಲವನ್ನೇ ಬಚ್ಚಿಡಬಹುದು.

ಪದದ ಜಗಳ ಸಣ್ಣದೆಂದು ತಿಳಿಯಬೇಡಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರಲ್ಲ, ಆ ಕಿಚ್ಚು ಹತ್ತಿದ್ದು ಕೊಳಗ ಎಷ್ಟು ದೊಡ್ಡದಿರಬೇಕು ಎಂಬ ಮಾತಿನಿಂದ. ಗೇಣಿ ಅಳೆಯುವ ಕೊಳಗದಲ್ಲಿ ಎಷ್ಟು ಸೇರು ಹಿಡಿಯಬೇಕು ಎಂಬುದೇ ಪ್ರಶ್ನೆ. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಅಳತೆ ಯಾರ ಕೈಯಲ್ಲಿದೆಯೋ ಅನ್ನ ಅವರ ಕೈಯಲ್ಲಿ. ಹಾಗೆಯೇ ಹೆಸರು ಬರೆಯುವ ಲೇಖನಿ ಯಾರ ಕೈಯಲ್ಲಿದೆಯೋ ನೆಲ ಅವರ ಕೈಯಲ್ಲಿ.

ಹೆಸರಿಗೆ ಇನ್ನೂ ಒಂದು ಬಲವಿದೆ. 2013ರ ಭೂಸ್ವಾಧೀನ ಕಾಯಿದೆಯ ಪ್ರಕಾರ ನೀರಾವರಿ ಇರುವ, ಹಲವು ಬೆಳೆ ತೆಗೆಯುವ ನೆಲವನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಕಟ್ಟಕಡೆಯ ಉಪಾಯವಾಗಿ ಸ್ವಾಧೀನ ಮಾಡಬೇಕು. ಆ ನೆಲವನ್ನೇ ನಂಬಿ ಮೂರು ವರ್ಷ ದುಡಿದ ಕೂಲಿಕಾರನನ್ನೂ ವಾರದಾರನನ್ನೂ ಬಾಧಿತ ಕುಟುಂಬ ಎಂದು ಆ ಕಾಯಿದೆ ಒಪ್ಪುತ್ತದೆ. ಆದರೆ ಸ್ವಾಧೀನವಾದರೆ ತಾನೇ ಆ ಕಾಯಿದೆ? ಮಾಲೀಕ ತಾನೇ ಮಾರಿದರೆ ಅದು ಬೇರೆ ದಾರಿ. 2020ರ ತಿದ್ದುಪಡಿಯಲ್ಲಿ ಭೂಸುಧಾರಣೆ ಕಾಯಿದೆಯ 79ಎ, 79ಬಿ, 79ಸಿ ಕಲಮುಗಳನ್ನು ತೆಗೆದುಹಾಕಿದರು. ಬೇಸಾಯವನ್ನೇ ಕಾಣದವರಿಗೆ ಬೇಸಾಯದ ನೆಲ ಕೊಳ್ಳಲು ಇದ್ದ ತಡೆ ಹೋಯಿತು. ಆಮೇಲೆ ಭೂ ಪರಿವರ್ತನೆ. ಕಲ್ಲು ನೆಟ್ಟು, ಬಣ್ಣದ ಬಾವುಟ ಕಟ್ಟಿದರೆ ಆ ನೆಲಕ್ಕೆ ಹೊಸ ಹೆಸರು ಬರುತ್ತದೆ: ಸೈಟು. ಮೂವತ್ತು ನಲವತ್ತು ಎಂದರೆ ಈಗ ಮಕ್ಕಳಿಗೂ ಅರ್ಥವಾಗುತ್ತದೆ. ನಲವತ್ತು ಗುಂಟೆ ಎಂದರೆ ಆಗುವುದಿಲ್ಲ.

ಇದರಲ್ಲಿ ನಮಗೇನು ಎಂದು ಗಿರಣಿಯ ಸೋದರರು ಕೇಳಬಹುದು. ನಿಮಗೆ ಏನು ಎಂಬುದನ್ನು ಹೊಳೆಯೇ ಬಂದು ಹೇಳಿ ಹೋಗಿದೆ. 2018ರಲ್ಲಿ ಬಂತು. 2019ರ ಆಗಸ್ಟಿನಲ್ಲಿ ಮತ್ತೆ ಬಂತು. ಕಬಿನಿ ಜಲಾಶಯದಿಂದ ಲಕ್ಷ ಕ್ಯೂಸೆಕ್ಸಿಗೂ ಮೀರಿ ನೀರು ಬಿಟ್ಟರು. ಮಲ್ಲನಮೂಲೆಯ ಹತ್ತಿರ ಮೈಸೂರು ರಸ್ತೆ ಮುಳುಗಿತು. ಸುತ್ತೂರು ಸೇತುವೆ ಮುಳುಗಿತು. ನಮ್ಮ ಪಟ್ಟಣದ ಹಳ್ಳದ ಕೇರಿಗೆ ನೀರು ನುಗ್ಗಿತು. ಹಳ್ಳದ ಕೇರಿ! ಹೆಸರೇ ಹೇಳುತ್ತದೆ, ಇದು ತಗ್ಗು, ಇಲ್ಲಿ ನೀರು ಬರುತ್ತದೆ ಎಂದು. ಹೆಸರಿಟ್ಟ ಹಿರಿಯರು ಸುಳ್ಳು ಹೇಳಲಿಲ್ಲ. ಆ ತಗ್ಗಿನಲ್ಲಿ ಮನೆ ಮಾಡಿಕೊಂಡವರು ಯಾರು? ದಿಣ್ಣೆಯ ಮೇಲೆ ಜಾಗ ಕೊಳ್ಳಲಾರದವರು. ನೀವು, ನಿಮ್ಮ ಅಣ್ಣತಮ್ಮಂದಿರು.

ಮೇಷ್ಟರ ಒಂದು ಲೆಕ್ಕ ಕೇಳಿ. ಒಂದು ಗುಂಟೆ ಎಂದರೆ 1,089 ಚದರ ಅಡಿ. ನಲವತ್ತು ಗುಂಟೆ, ಒಂದು ಎಕರೆ, 43,560 ಚದರ ಅಡಿ. ಹೊಳೆಯ ಬದಿಯ ಒಂದು ಎಕರೆ ಗದ್ದೆಗೆ ನಾಲ್ಕು ಅಡಿ ಮಣ್ಣು ತುಂಬಿಸಿ ಎತ್ತರಿಸಿದರು ಎನ್ನೋಣ. ಪ್ರವಾಹದಲ್ಲಿ ಆ ಗದ್ದೆ ಹಿಡಿದಿಡುತ್ತಿದ್ದ ನೀರು 1,74,240 ಘನ ಅಡಿ. ಸುಮಾರು 49 ಲಕ್ಷ ಲೀಟರು. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿಸಿದರೆ ಸಾವಿರಕ್ಕೆ ಹತ್ತಿಪ್ಪತ್ತು ಮಾತ್ರ ಕಡಿಮೆ. ಆ ನೀರು ಗಾಳಿಯಲ್ಲಿ ಕರಗುವುದಿಲ್ಲ. ಗದ್ದೆಯಲ್ಲಿ ಜಾಗವಿಲ್ಲದಿದ್ದರೆ ಪಕ್ಕದ ಬೀದಿಗೆ ಬರುತ್ತದೆ, ನಿಮ್ಮ ಅಡಿಗೆಮನೆಗೆ ಬರುತ್ತದೆ, ಅಂಗಡಿಯ ಕೆಳಗಿನ ಅಡ್ಡಹಲಗೆಯ ಸಕ್ಕರೆ ಮೂಟೆಗೆ ಬರುತ್ತದೆ. ಇದು ಒಂದು ಎಕರೆಯ ಲೆಕ್ಕ. ಹತ್ತು ಎಕರೆಗೆ ನೀವೇ ಸೊನ್ನೆ ಹಾಕಿಕೊಳ್ಳಿ. ತಗ್ಗಿನ ಗದ್ದೆ ಭತ್ತವನ್ನು ಮಾತ್ರ ಬೆಳೆಯುವುದಿಲ್ಲ. ಊರಿನ ಪಾಲಿನ ನೀರನ್ನೂ ತಾನೇ ಕುಡಿದು ಊರನ್ನು ಕಾಯುತ್ತದೆ.

ವರ್ತಕರಿಗೂ ಒಂದು ಮಾತು. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಅದರಿಂದ ನೀರಾವರಿ ಹೆಚ್ಚಿತು, ಬೇಡ ಎನ್ನುವವರು ನಾವಲ್ಲ. ಆದರೆ ನುಣುಪು ಗೋಡಿನಲ್ಲಿ ಬಹುಪಾಲು ಅಣೆಯ ಹಿಂದೆಯೇ ಕೂರುತ್ತದೆ. ನೈಲ್ ನದಿಗೆ 1970ರಲ್ಲಿ ಅಸ್ವಾನಿನ ಎತ್ತರದ ಅಣೆಕಟ್ಟು ಮುಗಿದ ಮೇಲೆ ಅಲ್ಲಿಯ ಕಪ್ಪು ನೆಲಕ್ಕೂ ಹೀಗೇ ಆಯಿತು. ಹೊಳೆ ಬಿಟ್ಟಿಯಾಗಿ ಕೊಡುತ್ತಿದ್ದ ಗೊಬ್ಬರವನ್ನು ರೈತ ಈಗ ಮೂಟೆಯಲ್ಲಿ ಸಾಲಕ್ಕೆ ತರುತ್ತಾನೆ. ಆ ಸಾಲ ಬರೆದಿರುವುದು ನಿಮ್ಮ ಪುಸ್ತಕದಲ್ಲಿ. ಸುಗ್ಗಿ ಬಂದರೆ ನಿಮ್ಮ ಅಂಗಡಿಯಲ್ಲಿ ಬಟ್ಟೆ, ಬೆಲ್ಲ, ಸೀಮೆಂಟು ಹೋಗುತ್ತದೆ. ಗದ್ದೆ ಸೈಟಾದರೆ ಒಮ್ಮೆ ದುಡ್ಡು ಕುಣಿಯುತ್ತದೆ, ಮಾರನೆಯ ವರ್ಷದಿಂದ ಸುಗ್ಗಿ ಇಲ್ಲ.

ಮತ್ತೆ ಆ ಹುಡುಗನ ಮಾತಿಗೆ ಬರುತ್ತೇವೆ. ನೀರು ಇಳಿದ ಮೇಲೆ ನಾವು ಹೊಳೆಸಾಲಿನ ಹಳ್ಳಿಗಳಲ್ಲಿ ತಿರುಗಾಡಿದೆವು. ಪೈರು ಕೊಳೆತು ಕಪ್ಪಾಗಿ ಮಲಗಿತ್ತು. ಬೀಜ, ಉಳುಮೆ, ನಾಟಿಯ ಕೂಲಿ ಹಾಕಿದ್ದು ವಾರಕ್ಕೆ ಮಾಡಿದವನು. ಬೆಳೆ ಪರಿಹಾರ ಬರುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಒಬ್ಬ ತಾಯಿ ನಮ್ಮನ್ನು ಕೇಳಿದರು: "ಮೇಷ್ಟ್ರೇ, ಮುಳುಗಿದ್ದು ನಮ್ ಪೈರು, ಪರಿಹಾರ ಅವ್ರಿಗಾ? ಹೊಳೆಗೆ ಗೊತ್ತಿತ್ತಾ ಪಹಣಿ ಯಾರ್ದು ಅಂತ?" ನಮ್ಮಲ್ಲಿ ಉತ್ತರ ಇರಲಿಲ್ಲ. ಅಂದಿನಿಂದ ಅದನ್ನೇ ಹುಡುಕುತ್ತಿದ್ದೇವೆ. 1974ರಲ್ಲಿ ಗೇಣಿ ಹೋಯಿತೆಂದು ಪುಸ್ತಕ ಹೇಳುತ್ತದೆ. ಬಾಯಿಮಾತಿನ ವಾರ ಹೋಗಿಲ್ಲ. ಕಾಗದ ಇಲ್ಲದ ಕಾರಣ ಅದು ಇಲ್ಲವೆಂದು ಕಚೇರಿ ತಿಳಿಯುತ್ತದೆ, ಅಷ್ಟೆ.

ಆದ್ದರಿಂದ ನಾವು ಕೇಳುವುದು ನಾಲ್ಕು ಮಾತು. ಒಂದು, 2018 ಮತ್ತು 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತೋ ಅಲ್ಲಿಗೆ ಗುರುತಿನ ಕಲ್ಲು ನೆಟ್ಟು, ಆ ಕಲ್ಲಿನಿಂದ ಹೊಳೆಯ ಕಡೆಗಿರುವ ತರಿಗೆ ಮಣ್ಣು ತುಂಬಲು ಪರಿವರ್ತನೆ ಕೊಡಬಾರದು. ಎರಡು, ಬೆಳೆ ನಷ್ಟದ ಪಂಚನಾಮೆಯಲ್ಲಿ ಉತ್ತವನ ಹೆಸರೂ ಬರಬೇಕು, ನೆಟ್ಟವಳ ಹೆಸರೂ ಬರಬೇಕು. ಪರಿಹಾರದಲ್ಲಿ ಅವರಿಗೂ ಪಾಲು ಬೇಕು. ಮೂರು, ಈಗಾಗಲೇ ತಗ್ಗಿನಲ್ಲಿ ಕೂತ ಬಡವರನ್ನು ಬೈದು ಎಬ್ಬಿಸಬಾರದು. ಮೊದಲು ಪಟ್ಟಣಕ್ಕೆ ಹತ್ತಿರದ ದಿಣ್ಣೆಯಲ್ಲಿ ಜಾಗ ಕೊಟ್ಟು ಆಮೇಲೆ ಏಳಿ ಎನ್ನಬೇಕು. ನಾಲ್ಕು, ಯಾವ ಸರ್ವೆ ನಂಬರು ತರಿ, ಯಾವುದು ಖುಷ್ಕಿ ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ಜನರ ಕಿವಿಗೆ ಬಿದ್ದ ಪದವನ್ನು ಗುಟ್ಟಾಗಿ ತಿದ್ದುವುದು ಕಷ್ಟ.

ಇದು ರೈತರ ಬೇಡಿಕೆ ಮಾತ್ರ ಎಂದು ಬಿಡಬೇಡಿ. ಗಿರಣಿಯ ಸೋದರ ರಜೆಯಲ್ಲಿ ಹಳ್ಳಿಗೆ ಹೋದಾಗ ತನ್ನ ಅಪ್ಪ ಮಾಡುವ ನೆಲದ ಪಹಣಿ ತೆಗೆಸಿ ಅದರಲ್ಲಿ ಏನು ಬರೆದಿದೆ ಎಂದು ಓದಲಿ. ವರ್ತಕ ಮಿತ್ರ ಸೈಟು ಕೊಳ್ಳುವ ಮೊದಲು ಅಕ್ಕಪಕ್ಕದ ಮುದುಕರನ್ನು, ಅಯ್ಯಾ, ಈ ಜಾಗಕ್ಕೆ ಹಿಂದೆ ಏನೆನ್ನುತ್ತಿದ್ದಿರಿ ಎಂದು ಕೇಳಲಿ. ಗದ್ದೆ ಎಂದರೆ, ಬಯಲು ಎಂದರೆ, ಹಳ್ಳ ಎಂದರೆ ಕೈಯಲ್ಲಿನ ದುಡ್ಡನ್ನು ಮತ್ತೆ ಜೇಬಿಗೆ ಹಾಕಿಕೊಳ್ಳಲಿ.

ಹೊಳೆ ಹೋದ ವರ್ಷ ಬರಲಿಲ್ಲವೆಂದು ಮುಂದಿನ ವರ್ಷ ಬರುವುದಿಲ್ಲ ಎನ್ನಲಾಗದು. ಅದಕ್ಕೆ ತನ್ನ ನೆಲ ಯಾವುದೆಂದು ನೆನಪಿದೆ. ಅಷ್ಟು ನೆನಪು ನಮಗೂ ಇರಲಿ. ಮುಂದೊಂದು ದಿನ ಒಬ್ಬ ಹುಡುಗ ತರಗತಿಯಲ್ಲಿ ಎದ್ದು ನಿಂತು, ತಲೆ ತಗ್ಗಿಸದೆ, "ಅದು ನಮ್ಮ ಗದ್ದೆ ಸಾ" ಎಂದು ಹೇಳಬೇಕು. ಆ ದಿನ ಬರುವವರೆಗೂ ನಮಗೆ ಕೆಲಸವಿದೆ.